ಕಚ್ಚಿನ ಕೋಲು

ಕಿಟಕಿಗೆ ಆನಿಸಿಟ್ಟಿರುವ ಈ ಕೋಲು
ಅಗುಳಿಯಲ್ಲ, ಕುರಿ ಕಾಯುವ ದೊಣ್ಣೆಯೂ ಅಲ್ಲ.
ಬೆರಳಾಡಿಸಿ ನೋಡಿ: ಒಂದು, ಎರಡು, ಮೂರು,
ಹತ್ತನೆಯ ಕಚ್ಚು ಆಳ.
ಇದು ಉರಿಗಾಂ ಮೈದಾನದ ಲೆಕ್ಕ.
ಕೊರೆದವನು ಓದು ಬಾರದ ನಮ್ಮ ಮುತ್ತಾತ ಪಿಳ್ಳಪ್ಪ,
ಬೇತಮಂಗಲದ ಕೆರೆಕೋಡಿಯ ಬಳಿ ಮೆಟ್ಟು ಹೊಲಿಯುವವನು.
ಕೊರೆಸಿದವನು ನ್ಯಾಂಕಿವೆಲ್.

ಗಣಿಯ ತಮಿಳು ಕೂಲಿಗಳು ಅವನನ್ನು ನಂಜವೇಲು ಎಂದರು,
ಮುತ್ತಾತ ಇನ್ನೂ ಮೆದು ಮಾಡಿ ನಂಜಪ್ಪ ದೊರೆ ಎಂದ.
ನಂಜು, ವೇಲು, ಅಪ್ಪ, ಎಲ್ಲ ನಮ್ಮವೇ;
ಮನುಷ್ಯ ಮಾತ್ರ ಕಾರ್ನ್‌ವಾಲಿನ ತವರದ ಗಣಿಯವನು.

ಅಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ,
ಚೆಂಡೆಸೆಯಲು ತೋಳೆತ್ತಿದ.
ತೋಳು ಹೆಗಲು ದಾಟಕೂಡದು, ಆಗಿನ ಕಾಯಿದೆ.
ಉದ್ದ ಟೋಪಿಯ ಅಂಪೈರು ನೋಬಾಲೆಂದ.
ಮತ್ತೆ ಎಸೆದ, ಮತ್ತೆ ನೋಬಾಲು,
ಆರು ಸಲ.
ಆರನೆಯದಾದ ಮೇಲೆ ಚೆಂಡನ್ನು ಅಂಪೈರಿನ ಪಾದದ ಬಳಿ ಇಟ್ಟು
ಹತ್ತು ಮೈಲಿ ನಡೆದು ಮನೆ ಸೇರಿದನಂತೆ.
ಕೆಲವು ವರ್ಷಕ್ಕೆ ಕಾಯಿದೆಯೇ ಬದಲಾಯಿತು.
ಅಷ್ಟರಲ್ಲಿ ಸುರಂಗದ ಕಲ್ಲೊಂದು
ಬಲಹೆಗಲ ಮೇಲೆ ಬಿದ್ದಾಗಿತ್ತು.
ತೋಳಿಗೆ ಅಪ್ಪಣೆ ಸಿಕ್ಕಿತು, ತೋಳು ಸಿಗಲಿಲ್ಲ.

ದೊರೆ ಈ ಕತೆಯನ್ನು ಹರಕು ತಮಿಳಿನಲ್ಲಿ ಹೇಳಿದಾಗ
ಸುತ್ತ ಕೂತವರೆಲ್ಲ ನಕ್ಕರು, ಮುತ್ತಾತ ನಗಲಿಲ್ಲ.
ಕೈ ಎಷ್ಟೆತ್ತರಕ್ಕೆ ಎತ್ತಬಹುದೆಂಬ ಕಾಯಿದೆಯನ್ನು
ಅವನಿಗೆ ಯಾರೂ ಹೊಸದಾಗಿ ಕಲಿಸಬೇಕಿರಲಿಲ್ಲ.
"ನಿಮ್ದು ಬದಲಾಯ್ತಲ್ಲ ದೊರೆ" ಅಂದ,
ದಾರಕ್ಕೆ ಮೇಣ ತಿಕ್ಕುತ್ತ.

ಮೈದಾನವೆಂದರೆ ಏನು? ಹುಲ್ಲಿಲ್ಲ.
ಕೆಂಪು ನೆಲದ ಮೇಲೆ ನಾರಿನ ಚಾಪೆ, ನಾಲ್ಕು ಮೂಲೆಗೆ ಮೊಳೆ,
ಆಚೆಗೆ ಗಿರಣಿ ಉಗುಳಿದ ಬಿಳಿ ಬೂದಿಯ ದಿಬ್ಬ.
ಐವತ್ತು ದಾಟಿದ ದೊರೆ ಸೊಂಟ ಬಗ್ಗಿಸಿ
ಗೋಲಿ ಆಡುವ ಹುಡುಗನಂತೆ ಕೆಳಗೈಯಲ್ಲಿ ಎಸೆಯುವನು.
ಹಡಗಿನಲ್ಲಿ ಬಂದ ಚೆಂಡುಗಳು
ನಮ್ಮ ಚೈತ್ರದ ಬಿಸಿಲಿಗೆ ಬಾಯಿ ಬಿಟ್ಟವು.
ಒಂದನ್ನು ಪಿಳ್ಳಪ್ಪ ಕೊಯ್ದು ನೋಡಿದ.
ಬೆಂಡು, ಅದರ ಮೇಲೆ ನೂಲು, ಮತ್ತೆ ಬೆಂಡು, ಮತ್ತೆ ನೂಲು.
"ಇಷ್ಟೇನಾ? ಒಳಗೆ ಚಿನ್ನ ಗಿನ್ನ ಇಲ್ವಾ?"
ಎರಡು ವಾರದಲ್ಲಿ ತನ್ನದೇ ಒಂದು ಹೊಲಿದ,
ಹುಣಸೆಬೀಜದ ಅಂಟು, ಮೇಕೆಯ ಚರ್ಮ.
ಒಂದು ಕಡೆ ಹೊಲಿಗೆ ತಪ್ಪಿತು.
ತಪ್ಪಿದ್ದರಿಂದಲೇ ಅದು ಚಾಪೆಗೆ ತಾಗಿ
ಎಡಕ್ಕೆ, ಹಾವಿನ ಮರಿಯಂತೆ.
ದೊರೆ ಆ ಚೆಂಡನ್ನು ಯಾರಿಗೂ ಕೊಡಲಿಲ್ಲ,
ರಾತ್ರಿ ದಿಂಬಿನ ಕೆಳಗೆ ಇಡುತ್ತಿದ್ದನಂತೆ.

ಕ್ಲಬ್ಬಿನ ನೀರಿನ ಕೊಡ ಪಿಳ್ಳಪ್ಪನಿಗೆ ದೂರ.
ಚೆಂಡು ಗಾಳಿಗೆದ್ದರೆ
ಆಫೀಸಿನ ಗುಮಾಸ್ತರು, ಜನಿವಾರದವರು,
ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಳ್ಳುವರು.
ಆಕಾಶದಿಂದ ಬಿದ್ದ ಚರ್ಮಕ್ಕೆ ಮೈಲಿಗೆಯಿಲ್ಲವೆಂದು
ಯಾವ ಶಾಸ್ತ್ರದಲ್ಲಿತ್ತೋ.
ದೊರೆಯೇನು ದೇವರಲ್ಲ.
ಚೆಂಡು ಕಳೆದ ಹುಡುಗನ ಅರ್ಧ ದಿನದ ಕೂಲಿ ಮುರಿದ,
ಮಾರನೆಯ ದಿನ ಅದು ಅವನದೇ ಜೇಬಿನಲ್ಲಿ ಸಿಕ್ಕರೂ
ಕೂಲಿ ಮರಳಲಿಲ್ಲ.

ಗುಮಾಸ್ತ ಶಾಯಿಯಲ್ಲಿ ಬರೆದ ಪುಸ್ತಕವನ್ನು ದೊರೆ ನಂಬಲಿಲ್ಲ.
ತನ್ನ ಬಾಲ್ಯದ ಹಳ್ಳಿಯಲ್ಲಿ ಮಾಡಿದಂತೆ
ಪಿಳ್ಳಪ್ಪನ ಕೈಗೆ ಈ ಕೋಲು, ಒಂದು ಚಾಕು:
ಓಟಕ್ಕೊಂದು ಕಚ್ಚು.
ಪುಸ್ತಕವನ್ನು ಗೆದ್ದಲು ತಿಂದಿತು.

ಕೊನೆಯ ಸಾಲಿನಲ್ಲಿ ಏಳು.
ಆಮೇಲೆ ನುಣುಪು.
ಗಣಿಯ ಕೂಗು ಕೇಳಿ ಎಲ್ಲ ಓಡಿದರೆಂದು ತಾತ,
ಮಳೆ ಬಂತೆಂದು ಅಜ್ಜಿ,
ದೊರೆಗೆ ಕೆಮ್ಮು ಹತ್ತಿ ಚಾಪೆಯ ಮೇಲೆ ಕೂತನೆಂದು ಇನ್ನೊಬ್ಬರು.
ಗೋರಿಯಲ್ಲಿ ಹೆಸರಿದೆ, ಇಸವಿಯಿದೆ,
ಚೆಂಡಿನ ಮಾತಿಲ್ಲ.

ಏಳರಾಚೆ, ಬೆರಳಗಲ ಬಿಟ್ಟು,
ಓರೆಯಾಗಿ ಇನ್ನೊಂದು ಕಚ್ಚಿದೆ.
ಮೇಕೆ ಕಚ್ಚಿದ್ದು ಎನ್ನುತ್ತಾಳೆ ಅಮ್ಮ.
ಇರಬಹುದು.
ನಾನು ಎಂಟು ಎಂದೇ ಎಣಿಸುತ್ತೇನೆ.