ಮರೆಯ ಖಾನೆ

ವಿರ್ತ್ಸು ಬಂದರಿನ ಟಿಕೆಟ್ ಆಫೀಸಿನ ಹಿಂದೆ
ಒಂದು ಕೋಣೆ, ಒಂದು ಹೀಟರ್, ನಾನು,
ನನಗಿಂತ ಮೊದಲು ಯಾರೋ ಬರೆದುಹೋದ ಜಾವಾ.
ಎದುರಿನ ಮೂಹು ದ್ವೀಪಕ್ಕೆ ದಾಟುವವರಿಗೆ
ನಾಲ್ಕು ಪುಟಗಳ ಬುಕಿಂಗ್:
ದಿನ, ವಾಹನ, ಹೆಸರು, ಹಣ.

ಸರ್ವರಿಗೆ ಮರೆವು. ಕಾಯಿಲೆಯಲ್ಲ, ಜಾಯಮಾನ.
ಉತ್ತರ ಕೊಟ್ಟು ಬಾಗಿಲು ಹಾಕಿತೆಂದರೆ
ಮುಂದಿನ ಸಲ ತಟ್ಟಿದಾಗ ಮತ್ತೆ ಯಾರು ಅನ್ನುತ್ತದೆ,
ಈಗಷ್ಟೇ ಮಾತಾಡಿಸಿದವರನ್ನೇ.
ಅದಕ್ಕೇ ಆ ಯಾರೋ
ಪುಟಪುಟದ ಒಳಜೇಬಿಗೂ ಚೀಟಿ ಹೊಲಿದಿದ್ದ:
ಟೈಪ್ ಹಿಡನ್, ನೇಮ್ ದರ, ವ್ಯಾಲ್ಯೂ ನೂರ ನಲವತ್ತು.
ಎರಡನೆಯ ಪುಟದಿಂದ ಮೂರನೆಯದಕ್ಕೆ,
ಮೂರರಿಂದ ನಾಲ್ಕಕ್ಕೆ,
ಕೊನೆಗೆ ಸರ್ವರೇ ಬಿಚ್ಚಿ ಓದಿ
ತನ್ನದೇ ಕೈಬರಹವೆಂದು ನಂಬುತ್ತಿತ್ತು.

ಮರೆಯಲ್ಲಿದೆ ಅಂದರೆ ಏನು ಮಹಾ.
ಮೌಸಿನ ಬಲಗುಂಡಿ ಒತ್ತಿ ಮೂಲ ನೋಡಿದರೆ
ಎಲ್ಲ ಅಲ್ಲೇ, ಬಾಯಿ ಕಟ್ಟದ ಚೀಲದಲ್ಲಿ.
ಮಾರ್ಚಿಯಲ್ಲಿ ದಿಮ್ಮಿ ತುಂಬಿದ ಲಾರಿಯೊಂದು
ಒಂದು ಕ್ರೋನ್ ಕೊಟ್ಟು ಸಮುದ್ರ ದಾಟಿತು.
ಒಂದೇ ಕ್ರೋನ್. ರಸೀದಿ ಸಮೇತ.

ಹೇಯ್ನೋ ಮೇಜು ಗುದ್ದಿದ. ನಾನು ಲಾಗ್ ತೆರೆದೆ,
ಇನ್ನೆಷ್ಟು ಕಳ್ಳರೋ ಎಂದು.
ಸರ್ವರ್ ಮರೆತದ್ದನ್ನೆಲ್ಲ
ಲಾಗ್ ಬರೆದಿಟ್ಟುಕೊಂಡಿರುತ್ತದೆ, ಚಾಡಿಕೋರನ ಹಾಗೆ.
ಸಾಲು ಸಾಲು ಇಳಿಯುತ್ತ
ಭಾನುವಾರಗಳಲ್ಲಿ ಸಿಕ್ಕಿತು ನನ್ನದೇ ಮನೆಯ ಹೆಸರು:
ಪಿರೆಟ್, ಹನ್ನೊಂದು ವರ್ಷ, ವಾಹನವಿಲ್ಲ.
ಒಂದು ಗಂಟೆಗೆ ದ್ವೀಪದಿಂದ ಇತ್ತ.
ಎರಡೂವರೆಗೆ ಇಲ್ಲಿಂದ ಅತ್ತ.
ನಾಲ್ಕಕ್ಕೆ ಮತ್ತೆ ಇತ್ತ.

ಉರ್ಮಾಸ್ ಮತ್ತು ನಾನು ಮಾತಾಡುವುದಿಲ್ಲ.
ನಮ್ಮಲ್ಲಿ ಕೋಲೂ ಮುರಿದಿದೆ, ಹಾವೂ ಬದುಕಿದೆ.
ಹೇಳುವುದೇನಿದ್ದರೂ ಮಗಳ ಜಾಕೆಟ್ಟಿನ ಒಳಜೇಬು:
ಕೆಮ್ಮಿನ ಔಷಧಿ ರಾತ್ರಿ ಮಾತ್ರ.
ಸ್ಕೇಟಿಂಗ್ ಫೀಸಿನ ಅರ್ಧ ನಿನ್ನದು.
ಅವಳ ಮುಂದೆ ಕುಡಿಯಬೇಡ.
ಮಡಿಸಿ ಕೊಟ್ಟರೆ ಮುಚ್ಚಿದಂತೆ ಎಂದುಕೊಂಡೆವು, ಇಬ್ಬರೂ,
ಓದು ಬರುವ ಮಗುವಿನ ಎದೆಯ ಮೇಲೆ ಇಟ್ಟು.

ಮುಂದೊಂದು ದಿನ ಸಾಕ್ಷಿಗೆ ಬೇಕಾದೀತೆಂದು
ಅವನ ಚೀಟಿಗಳನ್ನೆಲ್ಲ ಡ್ರಾಯರಿನಲ್ಲಿಟ್ಟಿದ್ದೆ.
ಆ ರಾತ್ರಿ ಅಡುಗೆಮನೆ ದೀಪದಡಿ ಹರಡಿದೆ.
4ರ ಹಡಗಿಗೆ ಹತ್ತಿಸುತ್ತೇನೆ.
4ರ ಹಡಗಿಗೆ.
4.
ಪ್ರತಿಯೊಂದರಲ್ಲೂ ಉರ್ಮಾಸನ ಕೊಕ್ಕಿನ ಒಂದು,
ಅದರ ನಡುವಿಗೆ ಅಡ್ಡ ಗೆರೆ, ಪಕ್ಕಕ್ಕೆ ಸಣ್ಣ ಕಾಲು,
ಬೇರೆಯದೇ ನೀಲಿಯಲ್ಲಿ.

ಮೂರು ಗಂಟೆ.
ಅಪ್ಪನದಲ್ಲ, ನನ್ನದೂ ಅಲ್ಲ,
ಎರಡು ದಡಗಳ ನಡುವೆ
ಯಾರ ಚೀಟಿಯೂ ಬೇಡದ ನೀರು.

ಬೆಳಗಾಗುವುದರೊಳಗೆ ಕೋಡ್ ಸರಿಮಾಡಿದೆ.
ದರ ಇನ್ನು ಸರ್ವರಿನ ಹೊಟ್ಟೆಯಲ್ಲೇ, ಸೆಷನ್ನಿನಲ್ಲಿ;
ಹೊರಗೆ ಹೋಗುವುದು ಬರಿ ಒಂದು ಸಂಖ್ಯೆ,
ಕೋಟು ಇಟ್ಟು ಪಡೆವ ಬಿಲ್ಲೆಯ ಹಾಗೆ.
ಬಂದದ್ದನ್ನೆಲ್ಲ ತಾಳೆ ನೋಡು, ನಂಬಬೇಡ,
ಎಂದು ಮೇಲೆ ಷರಾ ಬರೆದೆ.
ಹೇಯ್ನೋ ಚೆನ್ನಾಗಿದೆ ಎಂದ.

ಉರ್ಮಾಸನ ನಂಬರ್ ಎರಡು ಸಲ ಒತ್ತಿದೆ.
ಎರಡು ಸಲವೂ ರಿಂಗ್ ಆಗುವ ಮೊದಲೇ ಇಟ್ಟೆ.

ಭಾನುವಾರ ನಾಲ್ಕೂವರೆ. ಹಡಗು ಬಾಯಿ ತೆರೆಯಿತು.
ಕಾರುಗಳ ಹಿಂದೆ ಅವಳು,
ಕೂದಲಲ್ಲಿ ಡೀಸೆಲ್ಲು, ಕರಿದ ಆಲೂಗಡ್ಡೆಯ ವಾಸನೆ,
ಗಾಳಿ ಕಡೆಗಿದ್ದ ಒಂದೇ ಕೆನ್ನೆ ಕೆಂಪು.
ಚೀಟಿ ಕೊಟ್ಟಳು. ಬಿಡಿಸಿ ಓದಿದೆ.
ನಾಲ್ಕು ಅಂತಿತ್ತು. ನೀಲಿ ಇನ್ನೂ ಹಸಿ.
ನಾಲ್ಕಾ, ಸರಿ, ಎಂದೆ.
ಅವಳು ನನ್ನ ಮುಖವನ್ನು ಕೊಂಚ ಹೆಚ್ಚೇ ಹೊತ್ತು ನೋಡಿದಳು.
ಜನ ಇದ್ದರಾ ಹಡಗಲ್ಲಿ, ಕೇಳಿದೆ.
ಯಾವುದರಲ್ಲಿ, ಎಂದಳು,
ನಾಲಿಗೆ ಕಚ್ಚಿಕೊಂಡಳು.