ಚಹಾ ಡಬ್ಬಿಯಲ್ಲಿ ಹನ್ನೊಂದು ಚೀಟಿ

ಎರಡು ಹೆಸರು ಕಳಿಸಬೇಕು, ಶುಕ್ರವಾರದೊಳಗೆ.
ಇಷ್ಟು ಹೇಳಿ ಮುಜಫ್ಫರ್ ಮೇಷ್ಟ್ರು
ಖಾಲಿ ಚಹಾ ಡಬ್ಬಿಯೊಂದನ್ನು ಲೇತ್ ಮೆಷಿನ್ನಿನ ಮೇಲಿಟ್ಟು
ಹೊರಗೆ ಹೋದರು,
ಸಿಗರೇಟಿಗೋ, ನಮ್ಮ ಮರ್ಯಾದೆಗೋ.

ಕಿಟಕಿಯಾಚೆ ಝೊಂಗುಲ್ದಾಕ್ ಬಂದರು.
ಕಲ್ಲಿದ್ದಲು ತುಂಬಿಕೊಂಡ ಹಡಗೊಂದು
ಹೊರಡಲೋ ಬೇಡವೋ ಎಂದು ಮಂಜಿನಲ್ಲಿ ನಿಂತಿತ್ತು.
ಒಳಗೆ ನಾವು ಹನ್ನೆರಡು ಜನ,
ನಡುವೆ ತೋಳು ಬಿಚ್ಚಿಸಿಕೊಂಡು ಕೂತ ರೋಬಾಟು,
ಯಾರ ಪರವೂ ಅಲ್ಲದ್ದು ಅದೊಂದೇ.

‘ನಾಯಕತ್ವ ಅಂದರೇನು?’ ಅಂದಳು ಬೆರ್ಫಿನ್.
ಒಂಬತ್ತನೆಯ ತರಗತಿಯವಳು, ಕೇಳುವ ಧೈರ್ಯ ಇನ್ನೂ ಉಳಿದಿತ್ತು.
ಸ್ಪರ್ಧೆಯ ದಿನ ಮೈಕು ಹಿಡಿಯುವುದು, ಎಂದ ಒಬ್ಬ.
ದುಡ್ಡು ಕೊಡುವವರ ಬಾಗಿಲು ತಟ್ಟುವುದು, ಎಂದಳು ಇನ್ನೊಬ್ಬಳು.
ಕೈ ಗ್ರೀಸಾದವರ ಬಾಯಿ ಮಾತ್ರ ತೆರೆಯಲಿಲ್ಲ.
ತುರುಲ್ ಕೂಡ ಸುಮ್ಮನಿದ್ದ;
ಅರ್ಧ ಚೀಟಿಗಳಲ್ಲಿ ತಾನಿದ್ದೇನೆಂದು ಅವನಿಗೆ ಗೊತ್ತಿತ್ತು.
ಗೆಲ್ಲುವವರ ಮೌನಕ್ಕೂ ಒಂದು ವಾಸನೆಯಿದೆ,
ಹೊಸ ಬೂಟಿನ ಹಾಗೆ.

ಎಣಿಸುವವರು ಸ್ಪರ್ಧಿಸುವಂತಿಲ್ಲ, ಮತ ಹಾಕುವಂತೆಯೂ ಇಲ್ಲ.
‘ಯಾರು ಎಣಿಸುತ್ತೀರಿ?’
ಎಲ್ಲರೂ ನೆಲದ ಕಬ್ಬಿಣದ ಪುಡಿಯಲ್ಲಿ ಏನೋ ಕಳೆದುಕೊಂಡವರಂತೆ ಹುಡುಕಿದೆವು.
ಇಲ್ಗಾಜ್ ಎದ್ದ.
ಚಹಾದ ಲೋಟ ಕೈಯಲ್ಲೇ ಇತ್ತು.

ನೆವ್ರಾ ಎಂದು ಬರೆಯಬೇಕಿತ್ತು ನಾನು.
ಸರಪಳಿ ಹರಿದ ರಾತ್ರಿ, ಬೇರೆ ಊರಿನ ಹಾಸ್ಟೆಲಿನಲ್ಲಿ,
ನಮ್ಮ ನಿದ್ದೆ ಕೆಡದಿರಲೆಂದು
ಬಚ್ಚಲಲ್ಲಿ ಕೂತು ಕೊಂಡಿ ಕೊಂಡಿ ಕೂಡಿಸಿದವಳು.
ಆದರೆ ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆಂದು ನಾನು ಸುಳ್ಳು ಹೇಳಿದಾಗ
ಎಲ್ಲರೆದುರು ‘ಇಪೆಕ್, ಹಾಕಿಲ್ಲ ನೀನು’ ಅಂದವಳೂ ಅವಳೇ.
ಐದು ತಿಂಗಳಾಗಿತ್ತು. ಇನ್ನೂ ಚುರುಗುಟ್ಟುತ್ತಿತ್ತು.

ಎಡಗೈಯಲ್ಲಿ ಪೆನ್ನು ಹಿಡಿದೆ.
ಮೊಳೆ, ನಟ್ಟು, ವೈರು ಎಂದು ಡಬ್ಬಿ ಡಬ್ಬಿಯ ಮೇಲೆ ಬರೆಯುವವಳು ನಾನು,
ಆ ಕೋಣೆಯ ಗೋಡೆಗೂ ನನ್ನ ಅಕ್ಷರದ ಪರಿಚಯ.
ಸೊಟ್ಟಗೆ, ಬೇರೆ ಯಾರೋ ಬರೆದ ಹಾಗೆ,
ಬರೆದೆ:
ಇಪೆಕ್.

ತುರುಲ್. ತುರುಲ್. ನೆವ್ರಾ. ತುರುಲ್.
ಬಸ್ಸಿನ ನಿಲ್ದಾಣ ಕೂಗುವವನ ದನಿ ಇಲ್ಗಾಜನದು.
ಒಂದು ಚೀಟಿ ಬಿಡಿಸಿದ,
ಸೊಟ್ಟ ಅಕ್ಷರವನ್ನು ಒಂದು ಉಸಿರು ಹೆಚ್ಚು ನೋಡಿದ,
‘ಇಪೆಕ್’ ಅಂದ, ಅದೇ ದನಿಯಲ್ಲಿ,
ತಲೆ ಎತ್ತಲಿಲ್ಲ.

ಆರು, ನಾಲ್ಕು, ಒಂದು.
‘ಆ ಒಂದು ಯಾರದಪ್ಪಾ?’ ಹಿಂದಿನಿಂದ ನಗು.
‘ಕೊಡಿಲ್ಲಿ, ಕೈಬರಹ ನೋಡೋಣ.’
ಇಲ್ಗಾಜ್ ಚೀಟಿಗಳನ್ನೆಲ್ಲ ಡಬ್ಬಿಗೆ ಹಾಕಿ
ಆರಿದ ಚಹಾವನ್ನು ಮೇಲೆ ಸುರಿದ.
ನೀಲಿ ಶಾಯಿ ಬಿಟ್ಟುಕೊಂಡಿತು, ಎಲ್ಲರದೂ ಒಟ್ಟಿಗೆ.
‘ಎಣಿಕೆ ಮುಗಿಯಿತು.’
ಸ್ಪ್ಯಾನರ್ ಎತ್ತಿಕೊಂಡು ರೋಬಾಟಿನ ತೋಳಿನ ಕಡೆ ಹೋದ.

ನೆವ್ರಾಳ ಬಗ್ಗೆ ಪ್ರಬಂಧ ಬರೆಯುವ ಕೆಲಸ ನನಗೇ ಬಂತು,
‘ನಿನ್ನ ಬರವಣಿಗೆ ಚೆನ್ನ’ ಎಂದರು ಮೇಷ್ಟ್ರು, ಏನೂ ಅರಿಯದೆ.
ಬ್ಯಾಟರಿಯ ಕಥೆ ಬರೆದೆ. ಸುಳ್ಳು ಹೇಳಿದವಳ ಹೆಸರನ್ನೂ ಹಾಕಿದೆ.
ಇಲ್ಗಾಜನನ್ನು ಎಲ್ಲಿ ಬರೆಯಲಿ ಎಂದು
ನಮೂನೆಯನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದೆ.
ಖಾನೆ ಇರಲಿಲ್ಲ.

ಡಬ್ಬಿ ತೊಳೆದಿಟ್ಟಿದ್ದೇವೆ.
ಈಗ ಅದರಲ್ಲಿ ಆರು ಮಿಲಿಮೀಟರಿನ ನಟ್ಟುಗಳು,
ಅಲುಗಾಡಿಸಿದರೆ ಚಿಲ್ಲರೆಯ ಸದ್ದು.
ಮೇಲೆ ಹೆಸರು ಬರೆದವಳು ನಾನೇ,
ಬಲಗೈಯಲ್ಲಿ.