ಕಪ್ಪಾದ ಇಪ್ಪತ್ನಾಲ್ಕು

ಕ್ಯಾಲೆಂಡರ್ ಎರಡು ಸಲ ಅಚ್ಚಾಗುತ್ತದೆ, ಕೇಳು:
ಮೊದಲು ಕಪ್ಪು; ಮಸಿ ಆರಿದ ಮೇಲೆ ಕೆಂಪು.
ಕಪ್ಪಿನ ಚೌಕಟ್ಟಿನಲ್ಲಿ ದುಡಿಮೆಯ ದಿನಗಳು,
ಕೆಂಪಿನದರಲ್ಲಿ ಭಾನುವಾರ, ಮೇ ಒಂದು, ನವೆಂಬರ್ ಏಳು.
ನಡುನಡುವೆ ಏನೂ ಮೂಡದ ಗಿಡ್ಡ ಸೀಸದ ತುಂಡು,
ಸಭೆಯಲ್ಲಿ ಬಾಯಿ ಬಿಡದೆ
ಜಾಗ ಹಿಡಿದು ಕೂರುವ ಮಂದಿಯ ಹಾಗೆ.
ವಾಲ್ಮಿಯೆರದ ಅಚ್ಚುಕೂಟದಲ್ಲಿ
ಹತ್ತೊಂಬತ್ತು ವರ್ಷ ಮೊಳೆ ಜೋಡಿಸಿದವಳು ನಾನು, ಝೆಲ್ಮಾ.

ಆ ವರ್ಷ ಎಲೆ ಉದುರುವಾಗ ಮೇಲಿನಿಂದ ಒಂದು ಚೀಟಿ:
ಜೂನ್ ಇಪ್ಪತ್ನಾಲ್ಕು ಇನ್ನು ಮುಂದೆ ಕಪ್ಪು.
ಕಾರಣ ಇರಲಿಲ್ಲ. ಸಹಿ ಇತ್ತು: ಯಾನಿಸ್.
ನಗಲೋ ಅಳಲೋ!
ಅವತ್ತು ಯಾನಿಸರದ್ದೇ ಹಬ್ಬವಲ್ಲವೇ.
ನಮ್ಮಲ್ಲಿ ಮನೆಗೊಬ್ಬ ಯಾನಿಸ್,
ಅವತ್ತು ಅವನ ತಲೆಗೆ ಓಕ್ ಎಲೆಯ ದಂಡೆ,
ಎತ್ತಿನ ಕೊರಳಿಗಾದರೂ ಸಾಲುವಷ್ಟು ದಪ್ಪ.
ಕುಡುಕನಿರಲಿ, ಸಾಲ ತೀರಿಸದವನಿರಲಿ,
ಒಂದು ಇರುಳಿಗೆ ಅರಸ.

ಚಿಮಟ ಹಿಡಿದು ಕೆಂಪಿನಿಂದ ಕಿತ್ತೆ
ಎರಡರದೊಂದು ಮೊಳೆ, ನಾಲ್ಕರದೊಂದು.
ಅಂಗೈಯಲ್ಲಿಟ್ಟರೆ ಬಟಾಣಿಯಷ್ಟೂ ಇಲ್ಲ.
ಇಷ್ಟೇನಾ ಅನ್ನಿಸಿತು.
ಬೆಟ್ಟದ ಮೇಲಿನ ಬೆಂಕಿ, ಬೆಳಗಿನವರೆಗಿನ ಹಾಡು,
ಅಜ್ಜಿ ಬಾಗಿಲಿಗೆ ಸಿಕ್ಕಿಸುತ್ತಿದ್ದ ಬರ್ಚಿನ ಕೊಂಬೆ,
ಎಲ್ಲಾ ಸೇರಿ ಇಷ್ಟೇ?
ಗುಂಡಿಗೆ ಮೂಕ ಸೀಸ ತುರುಕಿ, ಬಿಗಿದು, ಕಳಿಸಿದೆ.

ಮೂರು ಸಾವಿರ ಹಾಳೆ ಓಡಿದ ಮೇಲೆ
ಮೇಸ್ತ್ರಿ ಟಾಲಿವಾಲ್ಡಿಸ್ ಕನ್ನಡಕ ಏರಿಸಿದ.
ಕಪ್ಪು ಇಪ್ಪತ್ನಾಲ್ಕರ ಪಕ್ಕ
ಕೂದಲಿನಷ್ಟು ಕೆಂಪು ಗೆರೆ.
'ಮೊಳೆ ಮೊಳೆತಿದೆ' ಅಂದ.
ಕುಟ್ಟಿ ಕೂರಿಸಿದೆವು. ಮತ್ತೆ ಎದ್ದಿತು.
ಬಿಗಿ ಸಡಿಲ ಬಿಟ್ಟೆಯಾ ಅಂತ ಆಫೀಸಿನಲ್ಲಿ ಕೇಳಿದರು.
ಯಂತ್ರದ ಅದುರಿಗೆ ಸೀಸ ಏಳುವುದುಂಟು ಅಂದೆ.
ಅದು ಸುಳ್ಳಲ್ಲ.
ಪೂರ್ತಿ ನಿಜ ಯಾರೂ ಕೇಳಲಿಲ್ಲ, ನಾನೂ ಸೇರಿ.
ಎಷ್ಟು ಮಂದಿ ಆ ಗೆರೆ ಕಂಡರೋ.
ನಮ್ಮಮ್ಮ ಕಂಡಳು; ತಿಗಣೆ ರಕ್ತವೆಂದುಕೊಂಡು
ಉಗುರಿನಿಂದ ಕೆರೆದು ಕೆರೆದು ತೂತು ಮಾಡಿದಳು.

ಜೂನ್ ಬಂತು. ಇಪ್ಪತ್ಮೂರರ ರಾತ್ರಿಗೆ ಬೇಕೆಂದೇ ಪಾಳಿ ಹಾಕಿದರು.
ಅಂಗಡಿ ಸಾಲಿನಲ್ಲಿ, ಆ ಸಹಿಯ ಯಾನಿಸನ ಹೆಂಡತಿ
ಎರಡು ಪೊಟ್ಟಣ ಶಾಜೀರಿಗೆ ಕೊಂಡಳು,
ಯಾರೂ ಕೇಳದಿದ್ದರೂ 'ಕೆಮ್ಮಿಗೆ' ಅಂದಳು.
ಊರಿಗೆಲ್ಲ ಆ ವಾರ ಕೆಮ್ಮು.

ಹತ್ತೂವರೆಗೂ ಕಿಟಕಿಯಲ್ಲಿ ಬೆಳಕು,
ಆಮೇಲೂ ಬಡಗಣ ಬಾನಿನ ಅಂಚು ಆರಲೊಲ್ಲದು.
ಗಾವ್ಯಾ ನದಿಯಾಚೆ, ಕಂಬದ ತುದಿಯಲ್ಲಿ
ಯಾರೋ ಡಾಂಬರಿನ ಪೀಪಾಯಿಗೆ ಕಿಚ್ಚಿಟ್ಟರು.
ಯಂತ್ರ ತಾನಾಗಿ ನಿಂತಿತು. (ಹಾಗೆಂದೇ ದಾಖಲೆಯಲ್ಲಿ ಬರೆದೆವು.)
ಟಾಲಿವಾಲ್ಡಿಸ್ ಮೇಜಿನ ಖಾನೆ ಎಳೆದ:
ಕರಡು ಹಾಳೆ ಸುತ್ತಿದ ದುಂಡನೆ ಚೀಸ್,
ಜೂನಿನ ಸೂರ್ಯನಷ್ಟು ಹಳದಿ, ಜೀರಿಗೆ ಚುಕ್ಕಿ.
ಮಸಿ ಹಸಿಯಿತ್ತೇನೋ, ಚೀಸಿನ ಮೈಮೇಲೆ
ಪಂಚವಾರ್ಷಿಕ ಯೋಜನೆ ತಿರುವುಮುರುವಾಗಿ ಮೂಡಿತ್ತು.
ತಿರುವುಮುರುವು ಅಕ್ಷರ ನಮಗೆ ತಾಯಿನುಡಿ,
ಓದಿಕೊಂಡೇ ತಿಂದೆವು, ಉಕ್ಕಿನ ಉತ್ಪಾದನೆ, ಹಾಲಿನ ಗುರಿ.
ಯಾರೋ ಮೆಲ್ಲಗೆ 'ಲೀಗೋ' ಅಂದರು,
ಹಾಡಲಿಲ್ಲ, ಸುಮ್ಮನೆ ಅಂದರು,
ಇನ್ನೊಂದು ಮೂಲೆಯಿಂದ ಮತ್ತೊಬ್ಬರು.

ಈಗ ಇಪ್ಪತ್ಮೂರೂ ಕೆಂಪು, ಇಪ್ಪತ್ನಾಲ್ಕೂ ಕೆಂಪು.
ಓಕ್ ದಂಡೆ ಸೂಪರ್ ಮಾರ್ಕೆಟ್ಟಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ.
ಆಗಲಿ. ರಜೆ ಕೊಟ್ಟರೆ ಬೇಡವೆನ್ನುವವಳಲ್ಲ ನಾನು.

ಆ ಬೆಳಗ್ಗೆ ಮಾತ್ರ, ಪಾಳಿ ಬಿಟ್ಟು,
ಅಚ್ಚುಕೂಟದ ಹಿತ್ತಿಲ ಹುಲ್ಲಿನಲ್ಲಿ ಚಪ್ಪಲಿ ಕಳಚಿದೆ.
ಹಬ್ಬದ ಇಬ್ಬನಿಯಲ್ಲಿ ಮುಖ ತೊಳೆದವಳು
ವರ್ಷವಿಡೀ ಚೆಲುವೆಯಂತೆ.
ಬೊಗಸೆ ತುಂಬ ಒದ್ದೆ ಬಳಿದುಕೊಂಡೆ ಹಣೆಗೆ, ಕೆನ್ನೆಗೆ,
ಕೈಯ ಮಸಿ ಮರೆತು.
ಟಾಲಿವಾಲ್ಡಿಸ್ ನೋಡಿದ,
ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ:
'ಬಂತಲ್ಲ,' ಅಂದ, 'ಇಪ್ಪತ್ನಾಲ್ಕು.'